ಹನ್ನೆರಡನೆಯ ಮನೆ

“ಕಾಯಿಲೆ ಬಂದೋರಿಗೆ ಕಾಯಿಲೆ ಓದೋರು ಯಾಕೆ ಇಷ್ಟ ಆಗ್ಬೇಕು?”

ಶಾಯಿಸ್ತಾ ಹೀಗೆಂದು ಗಟ್ಟಿಯಾಗಿಯೇ ಕೇಳಿದಳು. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ನಂಜನಗೂಡಿನ ರೈಲ್ವೆ ಗೇಟು ಮುಚ್ಚಿತ್ತು, ಗೂಡ್ಸ್ ಗಾಡಿ ಇನ್ನೂ ಬಂದಿರಲಿಲ್ಲ, ಬೆಳಗಿನ ಬಿಸಿಲು ಆಗಲೇ ಹಳಿಗಳ ಮೇಲೆ ಏರಿ ಕೂತಿತ್ತು. ಕಂಕುಳಲ್ಲಿ ಒಂದು ಫೈಲು. ಅದರೊಳಗೆ ಎಂ.ಎಸ್ಸಿ. ಅಂಕಪಟ್ಟಿ, ಪ್ರಕಟವಾದ ಮೂರು ಲೇಖನ, ಒಂದು ಫೋಟೋ. ಹನ್ನೊಂದು ಮನೆಗಳಲ್ಲಿ ಹೆಚ್ಚಿನವರು ಈ ಫೈಲನ್ನು ಬಿಚ್ಚಿ ನೋಡಿ, ಕಾಫಿ ಕೊಟ್ಟು, “ಹೇಳಿ ಕಳಿಸ್ತೀವಿ” ಎಂದಿದ್ದರು. ಹೇಳಿ ಕಳಿಸಿದವರು ಒಬ್ಬರೂ ಇಲ್ಲ. ಇದು ಹನ್ನೆರಡನೆಯ ಮನೆ. ಅವಳಿಗೆ ಮೂವತ್ತೆರಡು ತುಂಬಲು ಎರಡು ತಿಂಗಳು ಬಾಕಿ ಇತ್ತು. ತುಂಬಿತೆಂದರೆ ಆಮೇಲೆ ಯಾವ ಮನೆಯೂ ಅವಳನ್ನು ಆರಿಸಿಕೊಳ್ಳುವಂತಿಲ್ಲ. ಅದು ಕಾನೂನು.

ಹಿಂದೆ ಹೀಗಿರಲಿಲ್ಲವಂತೆ. ಡಾಕ್ಟರೇಟಿಗೆ ಸೇರಬೇಕೆಂದರೆ ಒಂದು ಪರೀಕ್ಷೆ, ಒಂದು ಸಂದರ್ಶನ, ಆಮೇಲೆ ಫೆಲೋಶಿಪ್. ಆದರೆ ಪ್ರಯೋಗಾಲಯದಲ್ಲಿ ಕೂತು ಅಂಕಿಗಳನ್ನು ಹುಟ್ಟಿಸಿ ಬರೆದವರ ಹಗರಣಗಳು ಒಂದಾದ ಮೇಲೊಂದು ಬಯಲಾದವು. ಆ ಅಂಕಿಗಳನ್ನು ನಂಬಿ ಔಷಧಿ ಕುಡಿದವರು ಸತ್ತರು. ಕೊನೆಗೆ ಸರ್ಕಾರ ಸಂಶೋಧನೆಯ ಹುದ್ದೆಗಳನ್ನು ವಿಶ್ವವಿದ್ಯಾಲಯಗಳ ಕೈಯಿಂದ ಕಿತ್ತುಕೊಂಡು ಕಾಯಿಲೆಯವರ ಕೈಗೆ ಕೊಟ್ಟಿತು. ಅಪರೂಪದ ರೋಗ ತಗುಲಿದವರ ಕಿವಿಯ ಹಿಂದೆ ಅಕ್ಕಿಕಾಳಿನಷ್ಟು ದೊಡ್ಡ ಯಂತ್ರವೊಂದನ್ನು ಕೂರಿಸುತ್ತಾರೆ. ಜನ ಅದನ್ನು ‘ಕಾಳು’ ಎಂದೇ ಕರೆದರು. ಕಾಳು ಮಿದುಳಿನ ಸ್ಥಿತಿಯನ್ನೂ ದನಿಯನ್ನೂ ಬರೆದುಕೊಳ್ಳುತ್ತದೆ. ಆ ಬರಹವನ್ನು ಓದುವ ಹಕ್ಕು ಒಬ್ಬನೇ ಸಂಶೋಧಕನಿಗೆ, ಆ ಒಬ್ಬನನ್ನು ಆರಿಸುವ ಹಕ್ಕು ರೋಗಿಗೆ. ಆ ಮನೆ ಒಪ್ಪಿದರೆ ಐದು ವರ್ಷದ ಹುದ್ದೆ, ಒಪ್ಪದಿದ್ದರೆ ಇಲ್ಲ.

ಹೀಗಾಗಿ ನಾಡಿನ ತುಂಬ ಹೊಸದೊಂದು ಶಾಸ್ತ್ರ ಹುಟ್ಟಿಕೊಂಡಿತು. ಕನ್ಯೆ ನೋಡುವ ಹಾಗೆ ಸಂಶೋಧಕರನ್ನು ನೋಡುವುದು. ದಲ್ಲಾಳಿಗಳು ಹುಟ್ಟಿಕೊಂಡರು. ಹುಡುಗ ಹುಡುಗಿಯರು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಚಾಪೆಯ ಮೇಲೆ ಕೂತು, ತಾವು ಓದಿದ್ದನ್ನು ಒಲೆಯ ಮುಂದಿನವರಿಗೂ ತಿಳಿಯುವಂತೆ ಹೇಳಬೇಕು. ಮೈಸೂರಿನ ಒಂದು ಮನೆಯಲ್ಲಿ ಶಾಯಿಸ್ತಾಳನ್ನು ಬೇಡವೆಂದದ್ದು ಅವಳ ದನಿ ತೀರಾ ಮೆಲ್ಲಗಿದೆ ಎಂದು. ಮದ್ದೂರಿನಲ್ಲಿ ಹೆಸರು ಕೇಳಿದ ಮೇಲೆ ಕಾಫಿ ತರಲು ಒಳಗೆ ಹೋದವರು ಮತ್ತೆ ಬರಲೇ ಇಲ್ಲ.

ಗೂಡ್ಸ್ ಗಾಡಿ ಹೋಯಿತು. ಗೇಟು ಎದ್ದಿತು.

ಆ ಮನೆಯ ನಂಜುಂಡಾರಾಧ್ಯರು ಮೂವತ್ತು ವರ್ಷ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಊರಿನ ಗಾಡಿ ಎಷ್ಟು ಹೊತ್ತಿಗೆ ಎಲ್ಲಿ ನಿಲ್ಲುತ್ತದೆಂದು ಮೈಕಿನಲ್ಲಿ ಕೂಗಿ ಹೇಳುತ್ತಿದ್ದ ದನಿ ಅವರದು. ಸಂಜೆಯಾದರೆ ಅದೇ ದನಿಯಲ್ಲಿ ಗಮಕ. ಹಳಗನ್ನಡ, ನಡುಗನ್ನಡ ಕಾವ್ಯಗಳಿಂದ ಸಾವಿರಾರು ಪದ್ಯಗಳು ಅವರ ಬಾಯಲ್ಲಿದ್ದವು. ಐವತ್ತೆಂಟಕ್ಕೆ ಪದಕ್ಷಯ ಬಂತು. ಕಲಿತ ಪದಗಳು ಒಂದೊಂದಾಗಿ ಕಳಚಿಕೊಂಡು ಹೋಗುವ ರೋಗ. ಮೊದಲು ಸೌಟು, ಇಕ್ಕಳ, ಬೀಗದಕೈ ಇಂಥವುಗಳ ಹೆಸರು ಹೋಗುತ್ತದೆ, ಆಮೇಲೆ ಮನುಷ್ಯರದು. ರಾಜ್ಯದಲ್ಲೆಲ್ಲ ಈ ರೋಗದ ಮನೆಗಳು ಒಂಬತ್ತೇ ಒಂಬತ್ತು.

ಬಾಗಿಲು ತೆರೆದವರು ಅವರ ಹೆಂಡತಿ ಸರ್ವಮಂಗಳಮ್ಮ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಫೈಲಿನ ಕಡೆ ನೋಡಲೇ ಇಲ್ಲ.

“ಕೂತ್ಕೊ ತಾಯಿ. ಒಂದು ಕೇಳ್ಬಿಡ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಮಾಂಸ ತಿಂದು ಬರ್ತೀಯಾ?”

“ತಿಂತೀನಿ ಅಮ್ಮ. ನಿಮ್ಮನೆಗೆ ಬರೋ ದಿನ ತಿನ್ನಲ್ಲ.”

“ದಿನಾ ಬರ್ಬೇಕಲ್ಲ.”

“ಹಾಗಾದ್ರೆ ವಾಪಸ್ ಹೋದ್ಮೇಲೆ ರಾತ್ರಿ ತಿಂತೀನಿ.”

ಒಳಕೋಣೆಯಿಂದ ಗಟ್ಟಿಯಾದ ನಗು ಕೇಳಿಸಿತು. “ಈ ಪ್ಯಾಸೆಂಜರ್ರು ಸತ್ಯ ಹೇಳ್ತಾಳೆ ಕಣೇ. ಹತ್ತಿಸ್ಕೊ.” ನಂಜುಂಡಾರಾಧ್ಯರು ಪಂಚೆಯ ಚುಂಗು ಎತ್ತಿಕೊಂಡು ಹೊರಗೆ ಬಂದರು, ಎದುರಿಗೆ ಕೂತರು. ಏನನ್ನೂ ಕೇಳಲಿಲ್ಲ. ಹೆಂಡತಿ ಹಿಂದೆ ಕೂತು ಶ್ರುತಿ ಹಿಡಿದರು, ಅವರು ಕಣ್ಣು ಮುಚ್ಚಿ ಹಾಡಿದರು. ಯುದ್ಧಭೂಮಿಯಲ್ಲಿ ಮಗನನ್ನು ಹುಡುಕುವ ತಾಯಿಯೊಬ್ಬಳ ಪ್ರಸಂಗ, ಹನ್ನೆರಡು ಪದ್ಯ. ಶಾಯಿಸ್ತಾ ಕಾಲು ಮಡಚಿ ಕೂತವಳು ಕೂತ ಹಾಗೆಯೇ ಕೇಳಿದಳು. ನಡುವೆ ತಲೆದೂಗಲಿಲ್ಲ, ವಾಹ್ ಎನ್ನಲಿಲ್ಲ, ಫೋನಿನ ಕಡೆ ಕೈ ಹೋಗಲಿಲ್ಲ. ಅವಳ ಅಬ್ಬಾ ತುಮಕೂರಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವರು, ಕುರ್‌ಆನನ್ನು ಪೂರ್ತಿ ಬಾಯಿಪಾಠ ಮಾಡಿದ್ದವರು. ಓದುವವನ ಮುಂದೆ ಹೇಗೆ ಕೂರಬೇಕೆಂಬುದು ಅವಳಿಗೆ ಅಕ್ಷರ ಬರುವ ಮೊದಲೇ ಬಂದಿತ್ತು.

ಹಾಡು ಮುಗಿಯಿತು. ಅವರು ಕಣ್ಣು ತೆರೆದರು.

“ನಿನಗಿಂತ ಮುಂಚೆ ನಾಲ್ಕು ಜನ ಬಂದಿದ್ರು. ಒಬ್ಬ ಅರ್ಧಕ್ಕೇ ಚಪ್ಪಾಳೆ ತಟ್ಟಿದ. ನೀನು ಕೇಳ್ತೀಯ,” ಎಂದರು. “ಎಲ್ಲಿ ಹೆಬ್ಬೆಟ್ಟು ಒತ್ತಬೇಕೋ ತೋರಿಸು.”

ಆ ದಿನ ಗೇಟು ದಾಟಿ ಸ್ಟೇಷನ್ನಿಗೆ ಬರುವಾಗ ಶಾಯಿಸ್ತಾ ಅಮ್ಮಿಗೆ ಫೋನ್ ಮಾಡಿ, ಬರೀ ಉಸಿರು ಬಿಟ್ಟಳು. ಆ ಕಡೆಯಿಂದ ಅಮ್ಮಿ, “ಸಿಕ್ತಾ? ಸಿಕ್ತು ತಾನೇ?” ಎಂದು ಕೇಳುತ್ತಲೇ ಇದ್ದರು.

ಕೆಲಸ ಸರಳವಾಗಿತ್ತು. ದಿನವೂ ಬೆಳಿಗ್ಗೆ ಏಳಕ್ಕೆ, ಮನೆಯವರ ಲಿಂಗಪೂಜೆ ಮುಗಿದ ಮೇಲೆ, ನಂಜುಂಡಾರಾಧ್ಯರು ನಿಗದಿಪಡಿಸಿದ ಇಪ್ಪತ್ತು ಪದ್ಯ ಹಾಡಬೇಕು. ಕಾಯಿಲೆಯವರು ಆಡುವ ಮಾತಿನಲ್ಲಿ ಯಾವ ಪದ ತಪ್ಪಿತೆಂದು ಹಿಡಿಯುವುದು ಕಷ್ಟ. ಒಂದು ಪದ ಸಿಗದಿದ್ದರೆ ಇನ್ನೊಂದನ್ನು ಹಾಕಿಕೊಂಡು ಮುಂದೆ ಹೋಗುತ್ತಾರೆ. ಪದ್ಯದಲ್ಲಿ ಹಾಗಾಗದು. ಅಲ್ಲಿ ಆ ಜಾಗಕ್ಕೆ ಆ ಪದವೇ ಬರಬೇಕು. ಎಲ್ಲಿ ತಡೆಯಿತು, ಎಷ್ಟು ತಡೆಯಿತು ಎಂದು ಕಾಳು ಬರೆದುಕೊಳ್ಳುತ್ತದೆ. ವಾರಕ್ಕೊಮ್ಮೆ ಮೂಗಿಗೆ ಔಷಧಿಯ ಹನಿ. ಎರಡು ಔಷಧಿಗಳ ನಡುವೆ ಪರೀಕ್ಷೆ ನಡೆದಿತ್ತು. ನಾಲ್ಕು ಮನೆಗೆ ಮೊದಲನೆಯದು, ಐದು ಮನೆಗೆ ಎರಡನೆಯದು. ನಂಜನಗೂಡಿಗೆ ಬಂದದ್ದು ಮೊದಲನೆಯದು.

ಅವರು ನಡುಮನೆಯಲ್ಲಿ ಚಾಪೆಯ ಮೇಲೆ ಕೂರುತ್ತಿದ್ದರು. ಅವರ ಬೆನ್ನ ಹಿಂದೆ, ಪಕ್ಕಕ್ಕೆ ಒಂದಿಷ್ಟು ಸರಿದು, ಸರ್ವಮಂಗಳಮ್ಮ ಶ್ರುತಿಪೆಟ್ಟಿಗೆಯ ತಿದಿ ಒತ್ತುತ್ತಿದ್ದರು. ಮದುವೆಯಾದಂದಿನಿಂದ ಆ ಕೆಲಸ ಆಕೆಯದೇ. ಶಾಯಿಸ್ತಾ ಬಾಗಿಲ ಬಳಿ ಯಂತ್ರದ ಪರದೆ ಹಿಡಿದು ಕೂರುತ್ತಿದ್ದಳು.

“ಬಾಮ್ಮ, ಎರಡು ನಿಮಿಷ ಲೇಟು. ನಮ್ ಕಾಲದಲ್ಲಾಗಿದ್ರೆ ಗಾಡಿ ಬಿಟ್ಬಿಡ್ತಿದ್ದೆ.”

“ರೈಲು ಲೇಟು ಸರ್.”

“ರೈಲಿಗೇನಮ್ಮ, ಅದಕ್ಕೆ ಕಂಟ್ರೋಲರ್ ಇಲ್ಲ.”

ತಿಂಗಳುಗಳು ಕಳೆದಂತೆ ಉಳಿದ ಹೊತ್ತಿನ ಮಾತು ತೆಳುವಾಗುತ್ತ ಬಂತು. ಲೋಟಕ್ಕೆ ‘ಅದು’ ಎಂದರು, ಚಪ್ಪಲಿಗೂ ‘ಅದು’ ಎಂದರು. ಶಾಯಿಸ್ತಾಳ ಹೆಸರು ಮೂರನೆಯ ತಿಂಗಳಲ್ಲೇ ಹೋಗಿತ್ತು, ‘ಪ್ಯಾಸೆಂಜರ್’ ಮಾತ್ರ ಉಳಿದಿತ್ತು. ಆದರೆ ಏಳು ಗಂಟೆಗೆ ಶ್ರುತಿ ಹಿಡಿದರೆಂದರೆ ಇಪ್ಪತ್ತು ಪದ್ಯ ನೀರು ಹರಿದ ಹಾಗೆ ಬರುತ್ತಿದ್ದವು. ಎಂಟು ತಿಂಗಳಾದರೂ ನೂರಕ್ಕೆ ತೊಂಬತ್ತೇಳು ಪದ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಮೊದಲನೆಯ ಔಷಧಿಯ ಉಳಿದ ಮೂರು ಮನೆಗಳಲ್ಲಿ ಲೆಕ್ಕ ಐವತ್ತಕ್ಕಿಂತ ಕೆಳಗಿಳಿದಿತ್ತು.

ಅವಳ ಗೈಡ್ ಪ್ರೊಫೆಸರ್ ಉತ್ತಯ್ಯ ಹೆಚ್ಚು ಮಾತಿನವರಲ್ಲ. ಒಂದು ದಿನ ಮೈಸೂರಿನ ಪ್ರಯೋಗಾಲಯದಲ್ಲಿ ಎರಡು ಪರದೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಒಂದರಲ್ಲಿ ಮಿದುಳಿನ ಚಿತ್ರ. ಪದಗಳನ್ನು ಹಿಡಿದಿಡುವ ಜಾಗ ತಿಂಗಳಿಂದ ತಿಂಗಳಿಗೆ ಒಣಗುತ್ತಿದೆ. ಇನ್ನೊಂದರಲ್ಲಿ ದನಿಯ ಲೆಕ್ಕ, ಅಲುಗಾಡಿಲ್ಲ.

“ಜಾಗ ಹೋಗಿದೆ, ಕೆಲಸ ನಡೀತಿದೆ. ಮಿದುಳು ಬೇರೆ ದಾರಿ ಮಾಡ್ಕೊಂಡಿದೆ ಶಾಯಿಸ್ತಾ. ಔಷಧಿ ಆ ದಾರಿ ತೆರೆಸಿದೆ. ಇದು ಬರೀ ಥೀಸಿಸ್ ಅಲ್ಲ.” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಮುಂದಿನ ತಿಂಗಳು ಸಮಿತಿ ಕೂರುತ್ತೆ. ಉಳಿದ ಮೂರು ಮನೇಲಿ ಔಷಧಿ ತಡವಾಗಿ ಶುರುವಾಯ್ತು ಅಂತ ಬಿಟ್ಟು, ನಮ್ಮ ಮನೆಯ ಲೆಕ್ಕ ನೋಡಿ ಒಂಬತ್ತೂ ಮನೆಗೆ ಮೊದಲನೆಯದನ್ನೇ ಕೊಡೋದು ಅಂತಿದ್ದಾರೆ. ಎರಡನೆಯದನ್ನ ನಿಲ್ಲಿಸ್ತಾರೆ.”

ಆ ಮಧ್ಯಾಹ್ನ ಅವಳು ಸಮಿತಿಗೆ ಕಳಿಸಲು ದನಿಯ ತುಣುಕುಗಳನ್ನು ಆರಿಸುತ್ತಿದ್ದಳು. ಯಂತ್ರ ಶ್ರುತಿಯ ನಾದವನ್ನು ಗದ್ದಲವೆಂದು ತಿಳಿದು ಸೋಸಿ, ಬರೀ ಹಾಡುವ ದನಿಯನ್ನಷ್ಟೇ ಉಳಿಸುತ್ತಿತ್ತು. ಅವಳಿಗೆ ಅದನ್ನು ಸಹಿಸಲಾಗಲಿಲ್ಲ. ಶ್ರುತಿಯಿಲ್ಲದ ಆ ದನಿ ಗೋಡೆಯಿಲ್ಲದ ಮನೆಯಲ್ಲಿ ನಿಂತ ಹಾಗೆ ಅನಾಥವಾಗಿ ಕೇಳಿಸುತ್ತಿತ್ತು. ಸಮಿತಿಯವರು ಒಮ್ಮೆಯಾದರೂ ಇದ್ದ ಹಾಗೆ ಕೇಳಲಿ ಎಂದುಕೊಂಡು, ಸೋಸುವ ಮೊದಲಿನ ಮೂಲ ಧ್ವನಿಯನ್ನು ತೆರೆದಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದಳು.

ಐದನೆಯ ಪದ್ಯದಲ್ಲಿ ಕಣ್ಣು ತೆರೆದಳು.

ಶ್ರುತಿಯ ಒಳಗೆ ಇನ್ನೊಂದು ದನಿ ಇತ್ತು. ಅದೇ ಸ್ಥಾಯಿಯಲ್ಲಿ, ಅದೇ ನಾದದ ಮಡಿಲಲ್ಲಿ, ಜೇನಿನಂತೆ ಗುಂಯ್‌ಗುಡುತ್ತ. ಹೆಂಗಸಿನ ದನಿ. ನಂಜುಂಡಾರಾಧ್ಯರು ಉಸಿರೆಳೆದುಕೊಳ್ಳುವಷ್ಟರಲ್ಲಿ ಅದು ಮುಂದಿನ ಪದದ ಮೊದಲಕ್ಷರವನ್ನು ತುಟಿಯಂಚಿನಿಂದ ಜಾರಿಸಿಬಿಡುತ್ತಿತ್ತು. ಅವರು ಅದನ್ನು ಎತ್ತಿಕೊಂಡು ಹಾಡುತ್ತಿದ್ದರು. ಮೊದಲ ತಿಂಗಳ ದನಿ ತೆರೆದು ಕೇಳಿದಳು. ಪದ್ಯಕ್ಕೆ ಒಂದು ಸಲ. ನಾಲ್ಕನೆಯ ತಿಂಗಳು, ಸಾಲಿಗೆ ಒಂದು ಸಲ. ನಿನ್ನೆಯದು ಕೇಳಿದಳು. ನಿನ್ನೆ ಒಂದು ಪದವನ್ನೂ ಸರ್ವಮಂಗಳಮ್ಮ ಬಿಟ್ಟಿರಲಿಲ್ಲ.

ಶಾಯಿಸ್ತಾಳಿಗೆ ಇದು ಹೊಸತಾಗಿರಲಿಲ್ಲ. ರಂಜಾನಿನ ರಾತ್ರಿ ಮನೆಯಲ್ಲೇ ಹೆಂಗಸರು ಮಕ್ಕಳಿಗಾಗಿ ಅಬ್ಬಾ ನಮಾಜು ನಡೆಸುತ್ತಿದ್ದರು. ಓದುತ್ತ ಓದುತ್ತ ಅವರ ನಾಲಿಗೆ ತಡೆದರೆ, ಹಿಂದೆ ನಿಂತ ದೊಡ್ಡಪ್ಪ ಮುಂದಿನ ಪದವನ್ನು ಮೆಲ್ಲಗೆ ಎತ್ತಿಕೊಡುತ್ತಿದ್ದರು. ಅಬ್ಬಾ ತಿರುಗಿ ನೋಡುತ್ತಿರಲಿಲ್ಲ. ಕೊಟ್ಟ ಪದವನ್ನು ತನ್ನದೇ ಎಂಬಂತೆ ತೆಗೆದುಕೊಂಡು ಮುಂದುವರಿಯುತ್ತಿದ್ದರು. ಅದು ತಪ್ಪಲ್ಲ. ದೇವರ ಮಾತು ಅರ್ಧಕ್ಕೆ ನಿಲ್ಲಬಾರದೆಂದು ಹಿಂದೆ ನಿಂತವನು ಮಾಡಬೇಕಾದ ಕೆಲಸ ಅದು.

ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

ಯಾರಿಗೂ ಹೇಳದೆ ಇರಬಹುದಿತ್ತು. ಒಂದು ಗುಂಡಿ ಒತ್ತಿದರೆ ಮೂಲ ಧ್ವನಿ ಅಳಿಸಿಹೋಗುತ್ತಿತ್ತು, ಹುದ್ದೆ ಉಳಿಯುತ್ತಿತ್ತು. ಎರಡು ದಿನ ಅವಳು ಆ ಗುಂಡಿಯ ಮುಂದೆ ಕೂತಳು. ಸಿಂಧನೂರಿನ ಮನೆಯಲ್ಲೊಬ್ಬ ಮೇಷ್ಟರಿದ್ದರು. ಎರಡನೆಯ ಔಷಧಿಯಲ್ಲಿದ್ದ ಅವರು ಮಗ್ಗಿ ಹೇಳುತ್ತಿದ್ದರು, ಹದಿನಾರರವರೆಗೆ ಇನ್ನೂ ತಪ್ಪಿರಲಿಲ್ಲ. ಅವರ ಔಷಧಿ ನಿಲ್ಲುತ್ತಿತ್ತು. ಮೂರನೆಯ ದಿನ ಅವಳು ಉತ್ತಯ್ಯನವರ ಮುಂದೆ ಹೋಗಿ ಧ್ವನಿ ಹಾಕಿ ಕೇಳಿಸಿದಳು.

ಅವರು ಕೇಳಿ ಮುಗಿಸಿ, ಕಿಟಕಿಯ ಕಡೆ ಮುಖ ಮಾಡಿ ನಿಂತರು.

“ನೀನು ಬಾಗಿಲ ಹತ್ರಾನೇ ಕೂತಿದ್ದೆ.”

“ಹೌದು ಸರ್.”

“ಎಂಟು ತಿಂಗಳು. ಕಿವಿಗೆ ಬೀಳಲಿಲ್ಲ?”

“ನಾನು ಅವರನ್ನ ಕೇಳ್ತಿದ್ದೆ ಸರ್. ಶ್ರುತೀನ ಕೇಳ್ತಿರಲಿಲ್ಲ.”

ಉತ್ತಯ್ಯ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. “ಬೇರೆಯವರ ದನಿ ಸೇರಿದ ಲೆಕ್ಕ ಕಲಬೆರಕೆ. ಎಂಟು ತಿಂಗಳಿಂದು ಪೂರ್ತಿ ರದ್ದು, ನಾನೇ ಬರೆದು ಕಳಿಸ್ತೀನಿ. ಮನೆ ಉಳೀಬೇಕಾದ್ರೆ ಒಂದೇ ದಾರಿ. ಸಮಿತಿ ಕೂರೋದರೊಳಗೆ ಸತತ ಹದಿನಾಲ್ಕು ದಿನದ ಶುದ್ಧ ಲೆಕ್ಕ. ಅವರು ಎಲ್ಲಿ ನಿಲ್ತಾರೋ ಅಲ್ಲಿಗೆ ನಿಲ್ಲಬೇಕು, ಯಾರೂ ಬಾಯಿ ಹಾಕಬಾರದು. ಅಷ್ಟು ಸಿಕ್ಕಿದ್ರೆ ಹೊಸ ಮನೆ ಅಂತ ಶುರು ಮಾಡಬಹುದು. ಇಲ್ಲಾಂದ್ರೆ ಮುಚ್ತಾರೆ.” ಕಿಟಕಿಯಿಂದ ಇತ್ತ ತಿರುಗಿ, “ನಿನಗೆ ವಯಸ್ಸು ದಾಟಿದೆ. ಇನ್ನೊಂದು ಮನೆ ನೋಡೋಕಾಗಲ್ಲ,” ಎಂದರು.

ಮರುದಿನ ಮಧ್ಯಾಹ್ನ ಅವಳು ನಂಜನಗೂಡಿಗೆ ಹೋದಾಗ ನಂಜುಂಡಾರಾಧ್ಯರು ಊಟ ಮಾಡಿ ಮಲಗಿದ್ದರು. ಸರ್ವಮಂಗಳಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಬಂದವಳ ಮುಖ ನೋಡಿದರು, ಮೊರವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದರು.

“ಗೊತ್ತಾಯ್ತಾ?” ಎಂದರು.

ಶಾಯಿಸ್ತಾ ಇದನ್ನು ಎಣಿಸಿರಲಿಲ್ಲ. “ಗೊತ್ತಾಗುತ್ತೆ ಅಂತ ನಿಮಗೆ ಗೊತ್ತಿತ್ತಾ ಅಮ್ಮ?”

“ಇವತ್ತಲ್ಲ ನಾಳೆ ಗೊತ್ತಾಗ್ಬೇಕಲ್ಲ. ನೀನು ಕಿವಿ ಇರೋ ಹುಡುಗಿ.” ಒಂದು ಕಾಯಿ ಬಿಡಿಸಿದರು. “ಕದಿಯೋಕೆ ಅಂತ ಶುರು ಮಾಡಿದ್ದಲ್ಲ ಕಣಮ್ಮ. ಕಾಯಿಲೆ ಬರೋಕೆ ಮುಂಚೆ, ಮಠದಲ್ಲಿ ನೂರಾರು ಜನರ ಮುಂದೆ ಹಾಡ್ತಾ ಹಾಡ್ತಾ ಒಂದ್ಸಲ ತಡೆದ್ರು. ನಾನು ಹಿಂದಿದ್ದೆ. ಬಾಯಿಂದ ತಾನಾಗೇ ಬಂತು. ಅವತ್ತಿಂದ ನಡ್ಕೊಂಡು ಬಂದಿದೆ.”

“ಅವರಿಗೆ ತಿಳೀತಾ?”

“ಇಲ್ಲ. ತಮ್ಮದೇ ಅಂದ್ಕೊಂಡಿದ್ದಾರೆ.”

ಶಾಯಿಸ್ತಾ ಎಲ್ಲವನ್ನೂ ಹೇಳಿದಳು. ಸಮಿತಿ, ಎರಡು ಔಷಧಿ, ಸಿಂಧನೂರಿನ ಮೇಷ್ಟರು. ತನ್ನ ಹನ್ನೊಂದು ಮನೆ, ತನ್ನ ವಯಸ್ಸು. ಏನನ್ನೂ ಮುಚ್ಚಿಡಲಿಲ್ಲ. ಸರ್ವಮಂಗಳಮ್ಮ ಕೈ ನಿಲ್ಲಿಸಿ ಕೇಳಿದರು. ಮೇಷ್ಟರ ಮಾತು ಬಂದಾಗ, “ಪಾಪ, ಮಕ್ಕಳಿದ್ದಾರಾ?” ಎಂದು ವಿಚಾರಿಸಿದರು.

“ನಾನು ತಪ್ಪು ಮಾಡಿದೆ ಅಂತ ಬರ್ಕೊಡ್ತೀನಿ,” ಎಂದರು. “ಈ ಹುಡುಗಿದೇನೂ ಇಲ್ಲ, ಮುದುಕಿ ಮೋಸ ಮಾಡಿದ್ಲು ಅಂತ ಬರ್ಕೊ, ಹೆಬ್ಬೆಟ್ಟು ಒತ್ತುತೀನಿ. ಆ ಮೇಷ್ಟರ ಔಷಧಿ ನಿಲ್ಲೋದು ಬೇಡ.”

“ಅದು ನಿಲ್ಲಲ್ಲ ಅಮ್ಮ, ಅದಕ್ಕೆ ಪ್ರೊಫೆಸರ್ ಬರೆದಾಯ್ತು. ನಾನು ಕೇಳೋಕೆ ಬಂದಿದ್ದು ಬೇರೆ. ಹದಿನಾಲ್ಕು ದಿನ. ನೀವು ಶ್ರುತಿ ಹಿಡೀರಿ, ಬಾಯಿ ಮಾತ್ರ ಬೇಡ. ಅವರು ಎಲ್ಲಿ ನಿಂತ್ರೂ ಪರವಾಗಿಲ್ಲ. ಆಮೇಲೆ ಅವರಿಗೂ ಎರಡನೇ ಔಷಧಿ ಹಾಕಿಸ್ತೀನಿ, ನಾನೇ ನಿಂತು ಹಾಕಿಸ್ತೀನಿ.”

“ಅದು ಹಾಕಿದ್ರೆ ಹೋದ ಪದ ಬರುತ್ತಾ?”

ಶಾಯಿಸ್ತಾ ಸುಳ್ಳು ಹೇಳಲಿಲ್ಲ. “ಬರಲ್ಲ. ಇರೋದು ಉಳೀಬಹುದು.”

“ಇರೋದೆಷ್ಟು?”

ಅವಳಿಗೆ ಗೊತ್ತಿತ್ತು. ಮಿದುಳಿನ ಚಿತ್ರ ಕಣ್ಣ ಮುಂದೆ ಬಂತು.

ಸರ್ವಮಂಗಳಮ್ಮ ಸುಲಿದ ಕಾಳುಗಳನ್ನು ಬೆರಳಲ್ಲಿ ಹರಡಿದರು. “ಮೊನ್ನೆ ಮಧ್ಯಾಹ್ನ ನೀರು ಕೊಡೋಕೆ ಹೋದೆ. ‘ಎಲ್ಲಿಗಮ್ಮ? ಗುಂಡ್ಲುಪೇಟೆ ಗಾಡಿ ಹೋಯ್ತು, ಕೂತ್ಕೊ, ಇನ್ನೊಂದಿದೆ’ ಅಂದ್ರು. ನಾನು ಕೂತ್ಕೊಂಡೆ. ಏನ್ಮಾಡ್ಲಿ, ಕಂಟ್ರೋಲರ್ ಹೇಳಿದ ಮೇಲೆ.” ಆಕೆ ನಕ್ಕರು. ನಗು ಬೇಗ ಮುಗಿಯಿತು. “ಬೆಳಿಗ್ಗೆ ಏಳಕ್ಕೆ ಮಾತ್ರ ಅವರಿಗೆ ತಾವ್ಯಾರು ಅಂತ ಗೊತ್ತಿರುತ್ತೆ. ಹಾಡು ಮುಗಿದ ಮೇಲೆ ಹಿಂದೆ ತಿರುಗಿ, ‘ಮಂಗಳಾ, ಇವತ್ತು ಹೇಗಿತ್ತೇ?’ ಅಂತ ಕೇಳ್ತಾರೆ. ನಡುವೆ ಅವರು ನಿಂತ್ಬಿಟ್ರೆ, ನಾನು ಸುಮ್ನೆ ತಿದಿ ಒತ್ತಾ ಕೂತ್ರೆ, ಹಿಂದೆ ತಿರುಗಿ ನೋಡ್ತಾರೆ ಕಣಮ್ಮ. ಆಗ ನಾನು ಮುಖ ಎಲ್ಲಿಡಲಿ?”

“ನೀವು ಅಲ್ಲಿ ಇರೋದೇ ಬೇಡ. ಶ್ರುತಿ ನಾನು ಹಿಡೀತೀನಿ.”

“ನೀನು ಸುಮ್ನಿರ್ತೀಯಾ? ಪದ್ಯ ನಿನಗೂ ಬರುತ್ತೆ ಈಗ. ಎಂಟು ತಿಂಗಳು ಕೇಳಿದ್ದೀಯ. ಅವರು ಬಾಯಿ ತೆರೆದು ಕೂತಿರುವಾಗ ನಿನ್ನ ನಾಲಿಗೆ ತಡೆಯುತ್ತಾ?”

ಶಾಯಿಸ್ತಾ ಕಟ್ಟೆಯ ಮೇಲಿನಿಂದ ಇಳಿದು ಆಕೆಯ ಎದುರು ಕೆಳಗೆ ಕೂತಳು. ಬೇಡುವುದು ಅವಳಿಗೆ ಬರುತ್ತಿರಲಿಲ್ಲ, ಹನ್ನೊಂದು ಮನೆಯಲ್ಲೂ ಬೇಡಿರಲಿಲ್ಲ. ಆಕೆಯ ಎರಡೂ ಕೈಗಳನ್ನು ಹಿಡಿದುಕೊಂಡಳು. ಅವರೆಕಾಯಿಯ ಸೊಗಡು ಅಂಗೈಗೆ ಅಂಟಿತು.

“ಅಮ್ಮ, ನನಗೆ ಬೇರೆ ಮನೆ ಇಲ್ಲ. ಹದಿನಾಲ್ಕೇ ದಿನ. ಅದೂ ಇಪ್ಪತ್ತು ಬೇಡ, ದಿನಕ್ಕೆ ಐದು ಪದ್ಯ ಸಾಕು ಅಂತ ಬರೆಸಿಕೊಂಡು ಬರ್ತೀನಿ. ಒಂದೇ ಪದ್ಯ ಅಂದ್ರೂ ಒಪ್ಪಿಸ್ತೀನಿ.”

ಸರ್ವಮಂಗಳಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಅವಳ ಮುಖವನ್ನೇ ನೋಡುತ್ತ, ಮಗಳಿಗೆ ಹೇಳುವ ಹಾಗೆ ಮೆತ್ತಗೆ, ಆದರೆ ಎರಡನೆಯ ಮಾತಿಗೆ ಎಡೆಯಿಲ್ಲದಂತೆ ಹೇಳಿದರು:

“ಇಲ್ಲ ಕಣಮ್ಮ. ಒಂದು ಪದ್ಯಕ್ಕೂ ಆಗಲ್ಲ. ನಾನು ಸುಮ್ನಿರಲ್ಲ.”